ಕಟಾಂಜನಕ್ಕೆ ಕಟ್ಟಿದ ಗಂಟು

ಪ್ಯಾರಿಸಿನಲ್ಲಿ ಪೊಲೀಸರು ನನ್ನ ಅಕ್ಕನ ಕಡೆ ಬಂದೂಕು ತಿರುಗಿಸಿದ್ದರು ಅಂದರೆ ಹರಿಹರದಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ಅಕ್ಕನಿಗೆ ಅರವತ್ತೆಂಟು ವರ್ಷ. ಜಿರಲೆ ಕಂಡರೂ ಹೊಡೆಯದೆ, ಮೊರದಲ್ಲಿ ತಳ್ಳಿಕೊಂಡು ಹೋಗಿ ಹಿತ್ತಲಿಗೆ ಬಿಟ್ಟು ಬರುವ ಹೆಂಗಸು. ಅಂಥವಳನ್ನು ನೋಡಿ ಒಂದು ದೇಶದ ಪೊಲೀಸರು ಹೆದರಿದರು. ಅದಕ್ಕೆ ಕಾರಣ ನಾನು. ಮಂಡಳಿಯ ಹೆಂಗಸರು ಈ ಕಥೆಯನ್ನು ದಾವಣಗೆರೆ ತುಂಬ ಹೇಳಿಕೊಂಡು ನಕ್ಕಿದ್ದಾರೆ. ಆದರೆ ಅವರು ಹೇಳುವುದು ಅರ್ಧ ಕಥೆ. ಉಳಿದರ್ಧ ಹೇಳಿದರೆ ಅವರ ಮಾನವೂ ಹೋಗುತ್ತದೆ, ಅದಕ್ಕೇ ಹೇಳುವುದಿಲ್ಲ.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮದೊಂದು ಮಹಿಳಾ ಮಂಡಳಿ ಇದೆ. ವರ್ಷಕ್ಕೊಮ್ಮೆ ಎಲ್ಲಾದರೂ ಪ್ರವಾಸ ಹೋಗುತ್ತೇವೆ. ದಕ್ಷಿಣದ ಗುಡಿಗಳು ಮುಗಿದವು, ಕಾಶಿ ಮುಗಿಯಿತು. ಈ ಸಲ ಅಧ್ಯಕ್ಷೆ ಯುರೋಪು ಅಂದರು. ನಾನು ಸರ್ಕಾರಿ ಆಫೀಸಿನ ಗುಮಾಸ್ತೆ ಕೆಲಸದಿಂದ ಆಗಷ್ಟೇ ನಿವೃತ್ತಳಾಗಿದ್ದೆ. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಕುಕ್ಕರಿನ ಮೇಲೂ ಸಿಟ್ಟು ಮಾಡಿಕೊಳ್ಳುವ ಹಾಗಾಗಿತ್ತು. ಮೊದಲು ಕೈಯೆತ್ತಿದವಳು ನಾನೇ. ಹದಿನೆಂಟು ಜನ ಸೇರಿದೆವು. ಹರಿಹರದಲ್ಲಿರುವ ಅಕ್ಕನನ್ನೂ ಎಳೆದುಕೊಂಡು ಹೋಗಬೇಕು ಅಂತ ನನಗೆ ಹಟ. ಮದುವೆಯಾಗಿ ಹೊಳೆ ದಂಡೆಯ ಆ ಮನೆ ಸೇರಿದವಳು ತನಗಾಗಿ ಅಂತ ಒಂದು ಊರನ್ನೂ ನೋಡಿದವಳಲ್ಲ.

ಅಕ್ಕನಿಗೆ ಇದ್ದದ್ದು ಒಂದೇ ಚಿಂತೆ, ಲಿಂಗದ್ದು. ನಮ್ಮಲ್ಲಿ ಮಗು ಹುಟ್ಟಿದ ಕೆಲವೇ ದಿನಕ್ಕೆ ಲಿಂಗ ಕಟ್ಟುತ್ತಾರೆ. ಬೆಳ್ಳಿಯ ಕರಡಿಗೆಯೊಳಗೆ ಇಟ್ಟು ಕೊರಳಿಗೆ ಹಾಕಿಕೊಂಡರೆ ಮಣ್ಣಿಗೆ ಹೋಗುವವರೆಗೂ ಅದು ಮೈ ಬಿಟ್ಟು ಅಗಲಬಾರದು. ಅಕ್ಕ ಅದನ್ನು ಅಕ್ಷರಶಃ ಪಾಲಿಸಿದವಳು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಎಡಗೈಯ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡದೆ ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ. ಪಿತ್ತಕೋಶದ ಆಪರೇಷನ್ ಆದಾಗಲೂ ಡಾಕ್ಟರ ಹತ್ತಿರ ಜಗಳವಾಡಿ ಕರಡಿಗೆಯನ್ನು ಮುಂಗೈಗೆ ಬಟ್ಟೆಯಲ್ಲಿ ಕಟ್ಟಿಸಿಕೊಂಡೇ ಒಳಗೆ ಹೋಗಿದ್ದಳು.

"ಅಲ್ಲೆಲ್ಲ ಮೈ ತಪಾಸಣೆ ಮಾಡ್ತಾರಂತೆ. ತೆಗೀರಿ ಅಂದ್ರೆ ಏನು ಮಾಡ್ಲಿ?" ಅಂತ ಕೇಳಿದಳು.

"ನಾನಿಲ್ಲೇನು? ನಿನ್ನ ಲಿಂಗಾನ ಕೂದಲು ಕೊಂಕದಂಗೆ ಹರಿಹರಕ್ಕೆ ವಾಪಸ್ ಮುಟ್ಟಿಸೋದು ನನ್ನ ಜವಾಬ್ದಾರಿ. ಸುಮ್ನೆ ಬಾ."

ಅಕ್ಕ ಆ ಮಾತನ್ನು ನಂಬಿದಳು. ನನ್ನ ಮಾತನ್ನು ಅವಳು ಯಾವಾಗಲೂ ನಂಬುತ್ತಾಳೆ, ಅದೇ ಅವಳ ದೊಡ್ಡ ದೋಷ. ನಿನ್ನ ಲಿಂಗ ಏನು ಮಾಡ್ತೀಯ ಅಂತ ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಕರಡಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು "ಹೋಗ್ರಿ ಅಮ್ಮಾ" ಅಂದಳು. ಪ್ಯಾರಿಸಿನಲ್ಲಿ ಇಳಿದಾಗಲೂ ಯಾರೂ ಏನೂ ಕೇಳಲಿಲ್ಲ. ಅಕ್ಕನಿಗೆ ಧೈರ್ಯ ಬಂತು. ಮೊದಲ ದಿನ ಬಸ್ಸಿನಲ್ಲಿ ಕೂತು ಊರು ನೋಡಿದೆವು. ಅಲ್ಲಿನ ಹೊಳೆ ತೋರಿಸಿದಾಗ "ಇಷ್ಟೇ ಏನು? ನಮ್ಮ ತುಂಗಭದ್ರೆ ಬ್ಯಾಸಿಗ್ಯಾಗೂ ಇದಕ್ಕಿಂತ ಅಗಲ ಇರ್ತಾಳೆ" ಅಂದಳು. ಅರಮನೆಯಂಥ ಒಂದು ಮ್ಯೂಸಿಯಮ್ಮಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಬೆತ್ತಲೆ ಕಲ್ಲಿನ ದೇವರುಗಳನ್ನು ನೋಡಿ ಕಂಗಾಲಾದಳು. ಸೆರಗನ್ನು ಬಾಯಿಗಿಟ್ಟುಕೊಂಡು "ಇಷ್ಟು ದೊಡ್ಡ ಮನೆ ಕಟ್ಟಿದೋರಿಗೆ ಒಂದೊಂದು ಪಂಚೆ ಉಡಿಸೋಕಾಗ್ಲಿಲ್ಲೇನು?" ಅಂತ ಕೇಳಿದಳು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ.

ಎರಡನೆಯ ದಿನ ಬೆಳಿಗ್ಗೆ ಹೋಟೆಲ್ ಕೋಣೆಯಲ್ಲಿ ನಾನು ಏಳುವಷ್ಟರಲ್ಲಿ ಅಕ್ಕನ ಸ್ನಾನವಾಗಿತ್ತು. ಊದಿನಕಡ್ಡಿ ಹಚ್ಚುತ್ತೇನೆ ಅಂದವಳನ್ನು ಹಿಂದಿನ ರಾತ್ರಿಯೇ, ಹೊಗೆ ಕಂಡರೆ ಇಲ್ಲಿ ಗಂಟೆ ಹೊಡೆಯುತ್ತದೆ ಅಂತ ಹೆದರಿಸಿ ತಡೆದಿದ್ದೆ. ಮಂಚದ ಮೇಲೆ ತನ್ನ ಮಡಿ ಟವೆಲ್ ಹಾಸಿ, ತಂಬಿಗೆಯ ಬದಲು ಚಹಾ ಕಾಯಿಸುವ ಕೆಟಲನ್ನು ಪಕ್ಕದಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ಎಡಗೈಯಲ್ಲಿ ಕರಿಯ ಲಿಂಗ, ಮುಂದೆ ಬಾಯಿ ತೆರೆದ ಬೆಳ್ಳಿ ಕರಡಿಗೆ. ನಾನು ಮೊಬೈಲಿನಲ್ಲಿ ಸದ್ದಿಲ್ಲದೆ ಒಂದು ಫೋಟೋ ತೆಗೆದು, "ಪ್ಯಾರಿಸಿನಲ್ಲಿ ಹೊಸ ಮಠ, ಕೆಟಲ್ ಸಮೇತ" ಅಂತ ಬರೆದು ಮನೆಯವರ ಗ್ರೂಪಿಗೆ ಹಾಕಿದೆ. ಪೂಜೆ ಮುಗಿಸಿದ ಅಕ್ಕ ನನ್ನ ಕಡೆ ತಿರುಗಿ "ನಿಂದು?" ಅಂದಳು. "ಆಮೇಲೆ ಮಾಡ್ಕೋತೀನಿ" ಅಂತ ಬೂಟಿನ ಲಾಡಿ ಕಟ್ಟಿಕೊಳ್ಳಲು ಬಗ್ಗಿದೆ. ಅಷ್ಟರಲ್ಲಿ ಬಸ್ಸು ಬಂತು ಅಂತ ಯಾರೋ ಬಾಗಿಲು ಬಡಿದರು.

ಅವತ್ತು ಕಬ್ಬಿಣದ ಗೋಪುರ ಹತ್ತುವ ದಿನ. ಕ್ಯಾಲೆಂಡರಿನಲ್ಲಿ, ಬಿಸ್ಕತ್ತಿನ ಡಬ್ಬಿಯ ಮೇಲೆ ನೋಡಿದ್ದನ್ನು ಎದುರಿಗೆ ನೋಡಿದಾಗ ಕತ್ತು ಹಿಂದಕ್ಕೆ ಬಾಗಿ ಬಾಯಿ ತಾನಾಗಿ ತೆರೆದುಕೊಂಡಿತು. ಕೆಳಗೆ ಉದ್ದನೆಯ ಸಾಲು. ಸಾಲಿನ ಎರಡೂ ಕಡೆ ಎದೆಯೆತ್ತರದ ಕಬ್ಬಿಣದ ಕಟಾಂಜನ, ಅದರ ಕೊನೆಗೆ ತಪಾಸಣೆಯ ಗೇಟು, ಗೇಟಿನಾಚೆ ಎತ್ತರದ ಗಾಜಿನ ಗೋಡೆ. ಮಂಡಳಿಯ ಹೆಂಗಸರೆಲ್ಲ ಮುಂದೆ ಹೋದರು, ಯಾರಿಗೂ ಗೇಟು ಕುಂಯ್ ಅನ್ನಲಿಲ್ಲ. ಕೊನೆಗೆ ಅಕ್ಕ, ಅವಳ ಹಿಂದೆ ನಾನು. ಅಕ್ಕ ಕಾಲಿಟ್ಟ ಕೂಡಲೇ ಗೇಟು ಕಿರುಚಿತು. ಕಾವಲಿನ ಹೆಂಗಸು ಅವಳ ಎದೆಯ ಕಡೆ ಬೆರಳು ಮಾಡಿ, ಆಮೇಲೆ ಪ್ಲಾಸ್ಟಿಕ್ ಟ್ರೇ ಕಡೆ ಬೆರಳು ಮಾಡಿದಳು.

ಟ್ರೇಯಲ್ಲಿ ಯಾರದೋ ಚರ್ಮದ ಬೆಲ್ಟು ಸುರುಳಿ ಸುತ್ತಿ ಬಿದ್ದಿತ್ತು. ಅದರ ಪಕ್ಕ ಒಂದು ಜೊತೆ ಬೂಟು.

"ಅದ್ರಾಗೆ ಹೆಂಗೆ ಇಡೋದು?" ಅಂತ ಅಕ್ಕ ಎರಡೂ ಕೈಯಲ್ಲಿ ಕರಡಿಗೆ ಮುಚ್ಚಿಕೊಂಡು ಹಿಂದಕ್ಕೆ ಬಂದಳು.

ನಮ್ಮ ಹಿಂದೆ ನೂರಾರು ಜನ. ಯಾರೋ ಗೊಣಗಿದರು. ಕಾವಲಿನವಳು ಮತ್ತೆ ಟ್ರೇ ತಟ್ಟಿದಳು. ಇನ್ನೊಂದು ನಿಮಿಷ ನಿಂತು, ಇದು ದೇವರು, ಕೈಯಲ್ಲೇ ಹಿಡಿದು ತೋರಿಸುತ್ತೇವೆ ನೋಡು ಅಂತ ಅವಳಿಗೆ ಬಿಡಿಸಿ ಹೇಳಬಹುದಿತ್ತು. ಮೂವತ್ತು ವರ್ಷ ಆಫೀಸಿನಲ್ಲಿ ಇಂಗ್ಲಿಷ್ ಕಾಗದ ಬರೆದವಳು ನಾನು, ಅಷ್ಟು ಬರುತ್ತಿತ್ತು. ಆದರೆ ನನಗೆ ಅವಸರ, ಮೇಲಾಗಿ ನಾಚಿಕೆ. ಅಷ್ಟು ಜನರ ಮುಂದೆ ನಮ್ಮನ್ನು ಹಳ್ಳಿ ಗುಗ್ಗುಗಳು ಅಂದುಕೊಳ್ಳುತ್ತಾರೆ ಅನ್ನುವ ಹಾಳು ನಾಚಿಕೆ.

"ಎರಡು ನಿಮಿಷ ನನ್ನ ಕೈಯಾಗೆ ಕೊಡು, ನೀನು ದಾಟು" ಅಂದೆ.

ಅಕ್ಕ ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಂಡು, ಸರವನ್ನು ಕೊರಳಿಂದ ತೆಗೆದಳು. ಆಪರೇಷನ್ನಿಗೂ ಬಿಡದವಳು ನನಗೆ ಬಿಟ್ಟಳು. "ನಿನ್ನ ಕೈಯಾಗೇ ಇರ್ಲಿ. ಎಲ್ಲೂ ಇಡಬ್ಯಾಡ" ಅಂತ ಹೇಳಿ ಗೇಟು ದಾಟಿದಳು.

ಈಗ ನನ್ನ ಸರದಿ. ಕಾವಲಿನವಳು ನನ್ನ ಕೈ ನೋಡಿ ಮತ್ತೆ ಟ್ರೇ ತೋರಿಸಿದಳು. ಆಗ ನನ್ನ ತಲೆಗೆ ಹೊಳೆದದ್ದು ಹರಿಹರದ ಹೊಳೆ. ನಾವು ಚಿಕ್ಕವರಿದ್ದಾಗ ಹಬ್ಬಕ್ಕೆ ಅಲ್ಲಿಗೆ ಹೋದರೆ ಅಪ್ಪ ಹೊಳೆಯಲ್ಲಿ ಮುಳುಗು ಹಾಕುವ ಮುಂಚೆ ವಾಚು, ಬೀಗದಕೈಗಳನ್ನು ಟವೆಲಿನಲ್ಲಿ ಗಂಟು ಕಟ್ಟಿ ಮೆಟ್ಟಿಲ ಕಟಾಂಜನಕ್ಕೆ ತೂಗುಹಾಕುತ್ತಿದ್ದರು. ಎಲ್ಲರೂ ಹಾಗೇ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಆ ಗಂಟನ್ನು ಯಾರೂ ಮುಟ್ಟುವುದಿಲ್ಲ. ನನ್ನ ಬ್ಯಾಗಿನಲ್ಲಿ ಒಗೆದ ಬಿಳಿ ಕರವಸ್ತ್ರವಿತ್ತು. ಕರಡಿಗೆಯನ್ನು ಅದರಲ್ಲಿ ಸುತ್ತಿ, ಎರಡು ಹೆಜ್ಜೆ ಹಿಂದೆ ಬಂದು, ಗೇಟಿಗೆ ತಾಗಿದ್ದ ಕಟಾಂಜನದ ಮೇಲಿನ ಸರಳಿಗೆ ಬಿಗಿಯಾಗಿ ಕಟ್ಟಿದೆ. ಒಳಗೆ ಹೋಗಿ, ಆ ಕಡೆಯಿಂದ ಕೈ ಚಾಚಿ ತೆಗೆದುಕೊಂಡರಾಯಿತು ಅಂತ ನನ್ನ ಲೆಕ್ಕಾಚಾರ. ಬುದ್ಧಿವಂತಿಕೆಗೆ ನನ್ನನ್ನೇ ಮೆಚ್ಚಿಕೊಂಡೆ ಕೂಡ.

ಒಳಗೆ ಹೋಗಿ ನೋಡಿದರೆ ನಡುವೆ ನಾನು ಲೆಕ್ಕಕ್ಕೇ ಹಿಡಿಯದಿದ್ದ ಆ ಗಾಜಿನ ಗೋಡೆ. ಗಂಟು ಮೊಳದ ದೂರದಲ್ಲಿ ಕಾಣುತ್ತಿತ್ತು, ಕೈಗೆ ಎಟುಕುತ್ತಿರಲಿಲ್ಲ. ಅಕ್ಕ ಕೈ ಚಾಚಿ "ಕೊಡು" ಅಂದಳು. ನಾನು ಕಾವಲಿನವಳ ಹತ್ತಿರ ಓಡಿ, ಹೊರಗೆ ಬಿಡು ಅಂದೆ. ಅವಳು ತಲೆಯಾಡಿಸಿ ಹಿಂದುಗಡೆ ಕೈ ತೋರಿಸಿದಳು. ಹೊರಗೆ ಹೋಗುವ ದಾರಿ ಗೋಪುರದ ಆ ತುದಿಗಿತ್ತು. ನಾನು ಅಕ್ಕನ ಕೈ ಹಿಡಿದು ಓಡತೊಡಗಿದೆ. ಓಡುತ್ತಲೇ ವಿಷಯ ಹೇಳಿದೆ. ಅವಳು ಬೈಯಲಿಲ್ಲ. ಸೀರೆಯ ನಿರಿಗೆ ಎತ್ತಿ ಹಿಡಿದುಕೊಂಡು ನನಗಿಂತ ಮುಂದೆ ಓಡಿದಳು, ಮಂಡಿ ನೋವಿನವಳು.

ಸುತ್ತು ಹಾಕಿ ಬರಲು ಇಪ್ಪತ್ತು ನಿಮಿಷವಾದರೂ ಹಿಡಿಯಿತು. ಬಂದು ನೋಡಿದರೆ ಸಾಲು ಮಾಯ. ಜನರನ್ನೆಲ್ಲ ದೂರ ದಬ್ಬಿ, ಅಡ್ಡ ಪಟ್ಟಿ ಕಟ್ಟಿದ್ದರು. ಸೀಟಿಗಳು, ಕೂಗಾಟ, ಉದ್ದ ಬಂದೂಕು ಹಿಡಿದವರು. ಯಾರೋ ಮಂತ್ರಿ ಬಂದಿರಬೇಕು ಅಂದುಕೊಂಡೆ. ನಮ್ಮ ಮಂಡಳಿಯವರನ್ನೂ ಹೊರಗೆ ಕಳಿಸಿದ್ದರು, ಒಂದು ಮರದ ಕೆಳಗೆ ಗುಂಪಾಗಿ ನಿಂತಿದ್ದರು. "ಬಾಂಬ್ ಅಂತ್ರಿ!" ಅಂತ ಅಧ್ಯಕ್ಷೆ ನನ್ನ ರಟ್ಟೆ ಹಿಡಿದುಕೊಂಡರು. ನಾನು ಆ ಕಡೆ ನೋಡಿದೆ. ಖಾಲಿ ಬಯಲು. ನಡುವೆ ಕಬ್ಬಿಣದ ಕಟಾಂಜನ. ಅದರ ಮೇಲೆ ನನ್ನ ಬಿಳಿ ಕರವಸ್ತ್ರದ ಗಂಟು ಒಂದೇ ಗಾಳಿಗೆ ಮೆಲ್ಲಗೆ ಅಲ್ಲಾಡುತ್ತಿತ್ತು.

ಅಕ್ಕ ಮಾತ್ರ "ಅಗೋ, ಅಲ್ಲೇ ಐತೆ!" ಅಂತ ಸಮಾಧಾನದ ದನಿಯಲ್ಲಿ ಹೇಳಿ, ಪಟ್ಟಿಯ ಕೆಳಗೆ ನುಸುಳಿ ಬಯಲಿಗೆ ನಡೆದೇಬಿಟ್ಟಳು.

ಒಮ್ಮೆಗೇ ನಾಲ್ಕು ಕಡೆಯಿಂದ ಕೂಗು. ಇಬ್ಬರು ಬಂದೂಕು ಎತ್ತಿದರು. ಅಕ್ಕನಿಗೆ ಅವರು ಏನು ಕೂಗುತ್ತಿದ್ದಾರೆ ಅಂತ ತಿಳಿಯದು, ಅವಳು ನೋಡುತ್ತಿದ್ದದ್ದು ಗಂಟನ್ನು. ನಾನು ಹಿಂದಿನಿಂದ ಹಾರಿ ಅವಳ ಸೆರಗು ಹಿಡಿದು ಎಳೆದೆ, ಇಬ್ಬರೂ ಬಿದ್ದೆವು. ಬಿದ್ದಲ್ಲಿಂದ ತಲೆಯೆತ್ತಿದರೆ ಬಂದೂಕಿನ ಬಾಯಿ ನಮ್ಮ ಕಡೆ. ಆ ಕರಿಯ ತೂತು ಇವತ್ತಿಗೂ ಒಮ್ಮೊಮ್ಮೆ ದೋಸೆ ಹುಯ್ಯುವಾಗ ನೆನಪಾಗಿ ಸವಟು ನಿಲ್ಲುತ್ತದೆ.

ನಮ್ಮನ್ನು ಪಟ್ಟಿಯಾಚೆ ಎಳೆದುಕೊಂಡು ಹೋದರು. ಒಬ್ಬ ಪೊಲೀಸ್ ಹೆಂಗಸಿಗೆ ಇಂಗ್ಲಿಷ್ ಬರುತ್ತಿತ್ತು. ಗಂಟು ಕಟ್ಟಿದ್ದು ನಾನು, ತಪ್ಪು ನನ್ನದು ಅಂತ ಹೇಳಿದೆ.

"ಒಳಗೇನಿದೆ?" ಅಂದಳು.

"ದೇವರು."

ಅವಳು ನನ್ನ ಮುಖವನ್ನೇ ನೋಡಿದಳು. "ಒಳಗೇನಿದೆ ಅಂತ ಕೇಳಿದೆ."

"ಕಲ್ಲಿನ ಲಿಂಗ. ನಮ್ಮ ಜನ ಎಲ್ಲರೂ ಕೊರಳಲ್ಲಿ ಹಾಕಿಕೊಳ್ಳುತ್ತೇವೆ. ಹುಟ್ಟಿನಿಂದ ಸಾಯುವವರೆಗೆ ತೆಗೆಯುವುದಿಲ್ಲ."

ವಾರಸುದಾರರಿಲ್ಲದ ಗಂಟನ್ನು ಇದ್ದಲ್ಲೇ ಸಿಡಿಸುವುದು ಇಲ್ಲಿಯ ಕ್ರಮ, ಅದಕ್ಕೆ ಜನ ಬಂದಾಗಿದೆ ಅಂತ ಅವಳು ಹೇಳಿದಳು. ಹೇಳುವಾಗ ಮುಷ್ಟಿಯನ್ನು ಫಟ್ಟನೆ ಬಿಡಿಸಿ ತೋರಿಸಿದಳು. ಅಕ್ಕನಿಗೆ ಇಂಗ್ಲಿಷ್ ಬೇಕಾಗಲಿಲ್ಲ. ಆ ಕೈ ನೋಡಿದವಳೇ ನೆಲದ ಮೇಲೆ ಕುಸಿದು ಕೂತಳು.

"ಹಂಗಾದ್ರೆ ನನ್ನೂ ಅದ್ರ ಜೊತಿಗೇ ಕಟ್ಟಿಬಿಡು ಅಂತ ಹೇಳು ಅವ್ಳಿಗೆ" ಅಂದಳು. ಅಳಲಿಲ್ಲ. ಅಳದೆ ಹೇಳಿದ್ದಕ್ಕೇ ನನಗೆ ಎದೆ ಒಡೆಯಿತು. ಆ ಕಡೆ ಮೈತುಂಬ ದಪ್ಪ ಮೆತ್ತೆಯ ಅಂಗಿ ತೊಟ್ಟ ಒಬ್ಬ ಆಸಾಮಿ ಗಾಡಿಯಿಂದ ಇಳಿಯುತ್ತಿದ್ದ.

ಪೊಲೀಸ್ ಹೆಂಗಸು ಮತ್ತೆ ನನ್ನ ಕಡೆ ತಿರುಗಿದಳು. "ನಿಮ್ಮ ಜನ ಎಲ್ಲರೂ ಹಾಕಿಕೊಳ್ಳುತ್ತಾರೆ ಅಂದೆಯಲ್ಲ. ನಿನ್ನದು ತೋರಿಸು."

ನನ್ನ ಕೈ ಕೊರಳಿಗೆ ಹೋಯಿತು. ಅಲ್ಲಿ ತಾಳಿ ಸರ ಬಿಟ್ಟರೆ ಏನಿತ್ತು? ನನ್ನ ಲಿಂಗ ಕೆ.ಬಿ. ಬಡಾವಣೆಯಲ್ಲಿತ್ತು, ಅಲ್ಮೇರಾದ ಕೆಳಗಿನ ಖಾನೆಯಲ್ಲಿ, ರೇಷ್ಮೆ ಸೀರೆಗಳ ಅಡಿಯ ಡಬ್ಬಿಯಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಸ್ಸಿನ ನೂಕುನುಗ್ಗಲಲ್ಲಿ ತೊಡಕು ಅಂತ ತೆಗೆದಿಟ್ಟದ್ದು. ಮತ್ತೆ ಹಾಕಿಕೊಳ್ಳಲಿಲ್ಲ, ಅಷ್ಟೇ. ನಂಬಿಕೆ ಹೋಯಿತು ಅಂತ ತೆಗೆದಿದ್ದರೆ ಅದಕ್ಕೊಂದು ಮರ್ಯಾದೆ ಇರುತ್ತಿತ್ತು. ಅಕ್ಕನ ಮನೆಗೆ ಹೋದಾಗಲೆಲ್ಲ ಸೆರಗು ಹೊದ್ದು ಕೂರುತ್ತಿದ್ದೆ. ಪೂಜೆಗೆ ಬಾ ಅಂದರೆ ಮನೆಯಲ್ಲೇ ಮುಗಿಸಿ ಬಂದೆ ಅನ್ನುತ್ತಿದ್ದೆ.

ಗಾಬರಿಯಲ್ಲಿ ಮರದ ಕೆಳಗಿನ ಮಂಡಳಿಯವರ ಕಡೆ ತಿರುಗಿ ಕೂಗಿದೆ. "ಯಾರಾದ್ರೂ ಒಬ್ರು ಕರಡಿಗೆ ತೋರಿಸ್ರೇ! ಒಂದು ತೋರಿಸಿದ್ರೆ ಸಾಕು!"

ಆ ಗುಂಪಿನಲ್ಲಿ ನಮ್ಮವರೇ ಹತ್ತು ಹನ್ನೆರಡು ಜನ. ಎಲ್ಲರ ಕೈಯೂ ಕೊರಳಿಗೆ ಹೋಯಿತು. ಎಲ್ಲರ ಕೈಯೂ ಹಾಗೇ ಕೆಳಗಿಳಿಯಿತು. "ಏರ್‌ಪೋರ್ಟಿನಾಗೆ ಸದ್ದು ಆಗ್ತೈತೆ ಅಂತ ಬಿಟ್ಟು ಬಂದೆ ಕಣ್ರಿ" ಅಂದರು ಅಧ್ಯಕ್ಷೆ. "ನಂದು ಲಾಕರಿನಾಗೈತೆ" ಅಂದಳು ಇನ್ನೊಬ್ಬಳು. ಉಳಿದವರು ನೆಲ ನೋಡಿದರು. ಬೆಳಿಗ್ಗೆ ಆ ಗೇಟು ಯಾರಿಗೂ ಕುಂಯ್ ಅನ್ನದಿದ್ದದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು. ಒಂದು ಬಸ್ಸು ತುಂಬ ನಾವು, ಇದ್ದದ್ದು ಒಂದೇ ಲಿಂಗ, ಅದನ್ನೂ ನಾನು ತಂದು ಬೇಲಿಗೆ ಕಟ್ಟಿದ್ದೆ. ಬಂದೂಕು ಕಂಡಾಗಲೂ ನನಗೆ ಅಷ್ಟು ದಿಗಿಲಾಗಿರಲಿಲ್ಲ. ಅಕ್ಕ ಕೂತಲ್ಲಿಂದ ತಲೆಯೆತ್ತಿ ನನ್ನ ಕೊರಳನ್ನೇ ನೋಡುತ್ತಿದ್ದಳು.

ಪೊಲೀಸ್ ಹೆಂಗಸಿನ ಮುಖ ಗಡುಸಾಯಿತು. ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಳು, ಅದರಲ್ಲಿ ತಪ್ಪೇನೂ ಇರಲಿಲ್ಲ. ಅವಳು ವೈರ್‌ಲೆಸ್ ಬಾಯಿಯ ಹತ್ತಿರ ತಂದಾಗ ನನಗೆ ಬೆಳಗಿನ ಫೋಟೋ ನೆನಪಾಯಿತು. ಮೊಬೈಲು ಉಜ್ಜಿ ಅವಳ ಮೂಗಿನ ಮುಂದೆ ಹಿಡಿದೆ. ಹೋಟೆಲ್ ಮಂಚ, ಕೆಟಲ್, ಕಣ್ಣು ಮುಚ್ಚಿದ ಅಕ್ಕ, ತೆರೆದ ಕರಡಿಗೆ, ಅಂಗೈ ಮೇಲಿನ ಕರಿಯ ಲಿಂಗ. ಅವಳು ದೊಡ್ಡದು ಮಾಡಿ ನೋಡಿದಳು, ಫೋಟೋ ತೆಗೆದ ಹೊತ್ತು ನೋಡಿದಳು, ನೆಲದ ಮೇಲೆ ಕೂತಿದ್ದ ಅಕ್ಕನ ಮುಖ ನೋಡಿದಳು. ಆಮೇಲೆ ನನ್ನ ಮೊಬೈಲನ್ನು ಕಿತ್ತುಕೊಂಡು ತನ್ನ ಮೇಲಿನವನ ಹತ್ತಿರ ಓಡಿದಳು. ತಮಾಷೆಗೆ ತೆಗೆದ ಫೋಟೋ ಅದು.

ಅವರು ತಮ್ಮತಮ್ಮಲ್ಲಿ ಮಾತಾಡಿದ್ದು ಎಷ್ಟು ಹೊತ್ತೋ. ಕೊನೆಗೆ ಮೆತ್ತೆ ಅಂಗಿಯವನು ಒಂದು ಹಲಗೆಯಂಥದ್ದನ್ನು ಗಂಟಿನ ಹಿಂದೆ ಹಿಡಿದು ಏನೋ ಪರೀಕ್ಷೆ ಮಾಡಿದ. ಗಂಟು ಬಿಚ್ಚಿದ. ಕರಡಿಗೆ ತೆರೆದ. ಒಳಗಿನದನ್ನು ಕೈಗವುಸಿನ ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಕಡೆ ನಡೆದು ಬಂದು, ಅಷ್ಟು ಹೊತ್ತು ಮಾತಾಡಿದವಳು ನಾನಾದ್ದರಿಂದ ನನ್ನ ಮುಂದೆ ಚಾಚಿದ.

ನಾನು ಕೈ ನೀಡಿದೆ.

"ನೀನು ಮುಟ್ಟಬ್ಯಾಡ" ಅಂದಳು ಅಕ್ಕ.

ಜೋರಾಗಿ ಹೇಳಲಿಲ್ಲ. ಎದ್ದು ಬಂದು, ಅವನ ಕೈಯಿಂದ ತಾನೇ ತೆಗೆದುಕೊಂಡು, ಹುಲ್ಲಿನ ಅಂಚಿನ ಕಲ್ಲಿನ ಮೇಲೆ ಕೂತಳು. ಬಾಟಲಿಯ ನೀರಿನಿಂದ ತೊಳೆದು, ಎಡಗೈಯಲ್ಲಿಟ್ಟುಕೊಂಡು ಪೂಜೆಗೆ ಕಣ್ಣು ಮುಚ್ಚಿದಳು. ಜನ ಮೊಬೈಲು ಹಿಡಿದು ಮುಂದೆ ಬಂದರು. ಪೊಲೀಸ್ ಹೆಂಗಸು ಅವರಿಗೆ ಅಡ್ಡ ನಿಂತು ಹಿಂದಕ್ಕೆ ಕಳಿಸಿದಳು. ನನ್ನನ್ನು ಗಾಡಿಯ ಹತ್ತಿರ ನಿಲ್ಲಿಸಿ ಪಾಸ್‌ಪೋರ್ಟ್ ಬರೆದುಕೊಂಡು ಇಬ್ಬರು ಸರದಿಯ ಮೇಲೆ ಬೈದರು. ಬೈಗುಳ ಅರ್ಥವಾಗದಿದ್ದರೂ ಪ್ರತಿಯೊಂದಕ್ಕೂ ತಲೆಯಾಡಿಸಿದೆ.

ಉಳಿದ ಆರು ದಿನ ಅಕ್ಕ ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದಳು. "ಚಟ್ನಿಪುಡಿ ಕೊಡು." "ಬಾಗ್ಲು ಹಾಕು." ಬೇಲಿಗೆ ಕಟ್ಟಿದ್ದಕ್ಕೆ ಒಂದು ಮಾತು ಬೈದಿದ್ದರೆ ನಾನು ಎದುರು ಮಾತಾಡಿ, ಜಗಳವಾಡಿ, ಅತ್ತು ಹಗುರಾಗುತ್ತಿದ್ದೆ. ಅವಳು ಬೈಯಲೇ ಇಲ್ಲ. ಬಸ್ಸಿನ ಕಿಟಕಿಯಾಚೆ ಇನ್ನೂ ಎಷ್ಟೋ ಗೋಪುರ, ಸೇತುವೆ ಹೋದವು. ಒಂದೂ ನನಗೆ ನೆನಪಿಲ್ಲ.

ದಾವಣಗೆರೆಗೆ ಬಂದು ಎರಡು ದಿನ ಆ ಅಲ್ಮೇರಾದ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಸೀರೆಗಳನ್ನೆಲ್ಲ ಎತ್ತಿ ಹಾಕಿ ಡಬ್ಬಿ ತೆಗೆದೆ. ಬೆಳ್ಳಿ ಕಪ್ಪಗಾಗಿತ್ತು. ಮುಚ್ಚಳ ಕಚ್ಚಿಕೊಂಡಿತ್ತು, ಚಮಚದ ಹಿಡಿಯಿಂದ ಮೀಟಿದೆ. ಒಳಗೆ ಲಿಂಗಕ್ಕೆ ಮೆತ್ತಿದ ಕರಿಯ ಲೇಪದ ಕಂತಿ ಒಣಗಿ ಅಡ್ಡಕ್ಕೆ ಬಿರುಕು ಬಿಟ್ಟಿತ್ತು. ಸೆರಗಿನಲ್ಲಿ ಸುತ್ತಿಕೊಂಡು ಆಗಲೇ ಹರಿಹರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದು ಸಲವೂ ಕೈ ಸಡಿಲಿಸಲಿಲ್ಲ.

ಅಕ್ಕ ಅಡುಗೆಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದಳು. ನನ್ನನ್ನು ನೋಡಿ "ಬಾ, ಕೂಡು" ಅಂತ ತಟ್ಟೆಗೆ ಬಡಿಸಿ ಮುಂದಿಟ್ಟಳು. ನಾನು ಸೆರಗಿನ ಸುತ್ತು ಬಿಚ್ಚಿ ತೋರಿಸಿದೆ. ಕೈ ತೊಳೆದು, ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಬಗ್ಗಿ ಬಿರುಕನ್ನು ಬಹಳ ಹೊತ್ತು ನೋಡಿದಳು.

"ನಂದು ಒಂದು ತಾಸು ಬೇಲಿಗೆ ನೇತಾಡ್ತು ಅಂತ ನನಗೆ ಜೀವ ಹೋಗಿ ಬಂತು" ಅಂದಳು. "ಇದು ಎಷ್ಟು ವರ್ಷದಿಂದ ಕತ್ಲಾಗೆ ಉಪವಾಸ ಕುಂತೈತೆ?"

"ಗೊತ್ತಿಲ್ಲಕ್ಕ" ಅಂದೆ.

ಅಕ್ಕ ಬಡಿಸಿದ ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿ ಪಕ್ಕಕ್ಕಿಟ್ಟಳು. "ಮೊದ್ಲು ಅದು, ಆಮ್ಯಾಲೆ ನೀನು" ಅಂದಳು. ಮಣೆ ಹಾಕಿದಳು. ತಂಬಿಗೆಯಲ್ಲಿ ನೀರು, ವಿಭೂತಿ, ಹಿತ್ತಲಿನಿಂದ ಎರಡು ಪತ್ರೆ ತಂದಿಟ್ಟಳು. ಕಂತಿಯನ್ನು ಅಯ್ಯನೋರ ಹತ್ತಿರ ಹೊಸದಾಗಿ ಕಟ್ಟಿಸಿದರಾಯಿತು, ಇವತ್ತಿಗೆ ಹೀಗೇ ಆಗಲಿ ಅಂದಳು. ಎದುರಿಗೆ ಕೂತು, ಲಿಂಗವನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು "ಕೈ ಚಾಚು" ಅಂದಳು.

ಚಾಚಿದೆ. ಅಕ್ಕ ಲಿಂಗ ಇಡಲಿಲ್ಲ. ನನ್ನ ಕೈ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಬಂದೂಕು ಎತ್ತಿದವರನ್ನೂ ಅವಳು ಹಾಗೆ ನೋಡಿರಲಿಲ್ಲ.

ನಾನು ಚಾಚಿದ್ದು ಎಡಗೈಯಲ್ಲ, ಬಲಗೈ.